ಒಂದಕ್ಕೆ ಎಂಬತ್ತು

ಪಂಚನಾಮೆಯ ಪ್ರಕಾರ, ನಮ್ಮ ಓಣಿಯ ಪಾನ್ ಡಬ್ಬಿಯವನು ಆ ಸಂಜೆ ಸಾರ್ವಜನಿಕ ಸ್ಥಳದಲ್ಲಿ ನಿಂತು, "1 ರೂಪಾಯಿಗೆ 80 ರೂಪಾಯಿ ಕೊಡುತ್ತೇನೆ, ಬನ್ನಿ, ನಂಬರ್ ಬರೆಸಿರಿ" ಎಂದು ಕೂಗುತ್ತಿದ್ದ. ಅದರ ಕೆಳಗೆ ಪಂಚನೆಂದು, ಅಂದರೆ ಎದುರಿಗಿದ್ದ ಸಾಕ್ಷಿಯೆಂದು, ನನ್ನ ಸಹಿ ಇದೆ. ಆದರೆ ಅವನು ಕೂಗಿದ್ದನ್ನು ನಾನು ಎಂದೂ ಕೇಳಿದವನಲ್ಲ. ಹನ್ನೊಂದು ವರ್ಷ ಅವನ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತಿದ್ದೆ. ಮೆಲುದನಿಯ ಮನುಷ್ಯ ಅವನು. ಕೂಗುವ ಪ್ರಸಂಗ ಅವನಿಗೆ ಬಂದೇ ಇರಲಿಲ್ಲ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಭತ್ತ, ರೈಸ್ ಮಿಲ್ಲು, ಹಮಾಲರು. ಮೊದಲು ಆ ಡಬ್ಬಿಯಲ್ಲಿ ಗುಟ್ಕಾ ಸರಗಳ ಪಕ್ಕದಲ್ಲೇ ಲಾಟರಿ ಟಿಕೆಟುಗಳು ನೇತಾಡುತ್ತಿದ್ದವು. 2007ರಲ್ಲಿ ಸರ್ಕಾರ ಲಾಟರಿಯನ್ನೂ ನಿಲ್ಲಿಸಿತು, ಸಾರಾಯಿಯನ್ನೂ ನಿಲ್ಲಿಸಿತು. ಸಾರಾಯಿಯ ಜಾಗಕ್ಕೆ 90 ಎಂ.ಎಲ್. ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಲಾಟರಿಗೆ ಹೋಗುತ್ತಿದ್ದ ದುಡ್ಡೆಲ್ಲ ಓಸಿಗೆ ತಿರುಗಿತು.

ಓಸಿ ಎಂದರೆ ಓಪನ್ ಮತ್ತು ಕ್ಲೋಸ್. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಮುಂಬೈಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಕಟ್ಟುತ್ತಿದ್ದ ಬಾಜಿ ಅದು. ಅರವತ್ತರ ದಶಕದಲ್ಲಿ ಆ ದರ ಬರುವುದು ನಿಂತ ಮೇಲೆ ಕಲ್ಯಾಣಜಿ ಭಗತ್ ಎಂಬಾತ ಮಡಕೆಯಿಂದ ಚೀಟಿ ಎತ್ತುವ ಆಟ ಶುರು ಮಾಡಿದ. ಹತ್ತಿ ಹೋಯಿತು, ಓಪನ್ ಕ್ಲೋಸ್ ಉಳಿಯಿತು. ಮೂರು ಅಂಕಿ ಎತ್ತಿ ಕೂಡಿಸಿ, ಮೊತ್ತದ ಕೊನೆಯ ಅಂಕಿಯನ್ನು ಹಿಡಿಯಬೇಕು. 3, 4, 8 ಬಂದರೆ ಮೊತ್ತ 15, ಓಪನ್ 5. ಮತ್ತೆ 2, 6, 9 ಬಂದರೆ ಮೊತ್ತ 17, ಕ್ಲೋಸ್ 7. ಜೋಡಿ 57. ಸೊನ್ನೆ ಸೊನ್ನೆಯಿಂದ 99ರವರೆಗೆ ನೂರು ಜೋಡಿಗಳಿವೆ. ನೂರಕ್ಕೂ ಒಂದೊಂದು ರೂಪಾಯಿ ಹಚ್ಚಿದವನ ಕೈಗೆ ಎಂಬತ್ತು ಮರಳುತ್ತದೆ. ಈ ಲೆಕ್ಕವನ್ನು ನಾನು ಒಮ್ಮೆ ಹಮಾಲನೊಬ್ಬನಿಗೆ ಬಿಡಿಸಿ ಹೇಳಿದ್ದೆ. ಅವನು ನನ್ನನ್ನು ಕನಿಕರದಿಂದ ನೋಡಿ, "ನೂರಕ್ಕೂ ಯಾರು ಹಚ್ಚುತ್ತಾರೆ ಅಣ್ಣಾ? ಬರುವುದಕ್ಕೆ ಮಾತ್ರ ಹಚ್ಚಬೇಕು" ಎಂದ.

ಬರುವುದು ಯಾವುದು ಎಂದು ತಿಳಿಯುವುದಕ್ಕೆ ಓಣಿಯಲ್ಲಿ ದಾರಿಗಳು ಬಹಳ. ಬಸ್ ಟಿಕೆಟಿನ ಕೊನೆಯ ಎರಡು ಅಂಕಿ, ಅಪಘಾತವಾದ ಲಾರಿಯ ನಂಬರು, ಕನಸಿನಲ್ಲಿ ಬಂದ ಹಾವು. ಓದು ಬಲ್ಲವರಿಗೆ ಚಾರ್ಟು. ಹಿಂದಿನ ವರ್ಷಗಳ ಜೋಡಿಗಳನ್ನೆಲ್ಲ ವಾರದ ಮನೆಗಳಲ್ಲಿ ತುಂಬಿದ ಹಾಳೆ ಅದು. ಒಂದರ ಕೆಳಗೊಂದು ಅಂಕಿಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮೂಲೆಯಿಂದ ಮೂಲೆಗೆ ಕೂಡಿಸಿ, ಈ ಮಂಗಳವಾರದ ಜೋಡಿಯನ್ನು ಹೊರಡಿಸುತ್ತಾರೆ. ಆ ಚಾರ್ಟುಗಳ ಪ್ರತಿ ತೆಗೆದುಕೊಡುತ್ತಿದ್ದವನು ನಾನು. ಹಾಳೆಗೆ ಎರಡು ರೂಪಾಯಿ. ಶಾಲೆ ಮಕ್ಕಳ ಅಂಕಪಟ್ಟಿಗಿಂತ ಆ ವರ್ಷ ಚಾರ್ಟಿನದೇ ವ್ಯಾಪಾರ ಹೆಚ್ಚಿತ್ತು.

ಸಂಜೆ ನಂಬರು ಒಡೆದ ಮೇಲೆ ಓಣಿಯ ಬಣ್ಣವೇ ಬೇರೆ. ಸೋತವರು ನನ್ನ ಅಂಗಡಿಯ ಕಟ್ಟೆಯ ಮೇಲೆ ಟೆಟ್ರಾ ಪ್ಯಾಕ್ ಕತ್ತರಿಸುತ್ತಿದ್ದರು, ಗೆದ್ದ ಒಬ್ಬಿಬ್ಬರು ಅವರಿಗೆ ಕುಡಿಸುತ್ತಿದ್ದರು. ಟ್ಯೂಷನ್ನಿಗೆ ಹೋಗುವ ಹುಡುಗಿಯರು ಚರಂಡಿ ಪಕ್ಕದ ಹಿಂದಿನ ಸಂದಿ ಹಿಡಿದರು. ಬೆಳಿಗ್ಗೆ ಶಟರ್ ಎತ್ತುವ ಮುನ್ನ ಎರಡು ಕೊಡ ನೀರು ಹಾಕಿ ಮೂತ್ರದ ವಾಸನೆ ತೊಳೆಯುವುದು ನನ್ನ ನಿತ್ಯಕರ್ಮವಾಯಿತು. ಬೈಯುತ್ತಲೇ ತೊಳೆಯುತ್ತಿದ್ದೆ. ತೊಳೆದಾದ ಮೇಲೆ ಮಷಿನ್ ಚಾಲೂ ಮಾಡಿ ಅವರಿಗೇ ಚಾರ್ಟು ತೆಗೆದುಕೊಡುತ್ತಿದ್ದೆ.

ದಿನವೂ ಬರುವ ಹಮಾಲರಲ್ಲಿ ಒಬ್ಬನ ಹೆಂಡತಿಯೂ ನನ್ನ ಗಿರಾಕಿಯೇ. ಮಹಿಳಾ ಸಂಘದ ಸಾಲಕ್ಕೆ ಪಾಸ್‌ಬುಕ್ಕು, ಆಧಾರ್ ಕಾರ್ಡು ತೆಗೆಸಲು ಬರುತ್ತಿದ್ದಳು. ಒಂದು ಸಾಲ ತೀರಿಸಲು ಇನ್ನೊಂದು ಸಂಘ. ಒಮ್ಮೆ ಕೇಳಿದಳು: "ತಮ್ಮಾ, ನಮ್ಮ ಮನೆಯವರು ಇಲ್ಲಿಗೆ ಬಂದು ಏನು ಕಾಗದ ತೆಗೆಸುತ್ತಾರೆ?"

"ಪಹಣಿ ಅಕ್ಕಾ" ಎಂದೆ.

ಅವಳು ಚಿಲ್ಲರೆ ಎಣಿಸಿ ಕೊಟ್ಟು ಹೋದಳು.

ದಾಳಿಯಾದದ್ದು ನೋಟು ರದ್ದಾದ ಮರುವರ್ಷ, 2017ರಲ್ಲಿ. ಒಂದು ಜೀಪು, ಒಬ್ಬ ಎ.ಎಸ್.ಐ., ಇಬ್ಬರು ಪೇದೆಗಳು. ಆಗ ಇದು ಅಸಂಜ್ಞೇಯ ಅಪರಾಧ, ಎಂದರೆ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯುವಂತಿರಲಿಲ್ಲ; ಆದ್ದರಿಂದ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂದಿದ್ದರು. ಕೂತಿದ್ದ ಏಳೆಂಟು ಜನ ಚಪ್ಪಲಿ ಬಿಟ್ಟು ಓಡಿದರು. ಡಬ್ಬಿಯವನು ಓಡಲಿಲ್ಲ, ವೀಳ್ಯದೆಲೆಯ ಮೇಲೆ ಹಸಿ ಬಟ್ಟೆ ಮುಚ್ಚಿ ಹೊರಗೆ ಬಂದು ನಿಂತ. ಪಂಚರು ಬೇಕಾಗಿದ್ದರು. ನಾನು ಕೈಗೆ ಸಿಕ್ಕವನು, ಮೇಲಾಗಿ ಓದುಬರಹ ಬಲ್ಲವನು.

"ಈ ನಂಬರಿನ ಪಟ್ಟಿಯನ್ನು ಯಾರಿಗೆ ಕೊಡುತ್ತೀ?" ಎಂದು ಎ.ಎಸ್.ಐ. ಡಬ್ಬಿಯವನನ್ನು ಕೇಳಿದರು.

"ನನಗೆ ಕಮಿಷನ್ ಮಾತ್ರ ಸಾಹೇಬರೇ. ಹುಡುಗ ಬರುತ್ತಾನೆ, ಒಯ್ಯುತ್ತಾನೆ."

ಹುಡುಗನ ಹೆಸರು ಅವನಿಗೆ ಗೊತ್ತಿರಲಿಲ್ಲ. ಹುಡುಗನ ಹಿಂದಿನವನ ಹೆಸರನ್ನು ಯಾರೂ ಕೇಳಲಿಲ್ಲ. ಜಪ್ತಿಯಾದ ವಸ್ತುಗಳು: ನಗದು 1,430 ರೂಪಾಯಿ, ನಂಬರು ಬರೆದ ಚೀಟಿ ಒಂದು, ಬಾಲ್ ಪೆನ್ ಒಂದು. ಪೆನ್ನಿಗೆ ಕಿಮ್ಮತ್ತಿಲ್ಲ ಎಂದೂ ಬರೆದುಕೊಂಡರು. ಆಮೇಲೆ ಪೇದೆಯೊಬ್ಬ ಸುಣ್ಣದ ಡಬ್ಬಿಯ ಕೆಳಗಿನಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ಎಳೆದ. ಚಾರ್ಟು. ಬಲಗಡೆಯ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೀರು. ನನ್ನ ಮಷಿನಿನ ಡ್ರಮ್ಮಿಗೆ ಗಾಯವಾಗಿ ಆರು ತಿಂಗಳಾಗಿತ್ತು. ಹೊಸದು ಹಾಕಿಸಲು ದುಡ್ಡಿಲ್ಲದೆ ಹಾಗೇ ಓಡಿಸುತ್ತಿದ್ದೆ. ನನ್ನ ಅಂಗಡಿಯಿಂದ ಹೊರಬಿದ್ದ ಪ್ರತಿ ಕಾಗದದ ಮೇಲೂ ಆ ಗೀರು ಇರುತ್ತಿತ್ತು.

ಎ.ಎಸ್.ಐ. ಹಾಳೆಯನ್ನು ತಿರುಗಿಸಿ ನೋಡಿ ಜಪ್ತಿಗೆ ಸೇರಿಸಿದರು. ಡಬ್ಬಿಯವನು ನನ್ನತ್ತ ನೋಡಲಿಲ್ಲ. ಆ ಉಪಕಾರವನ್ನು ಇವತ್ತಿಗೂ ಹೇಗೆ ತೂಗಬೇಕೆಂದು ತಿಳಿದಿಲ್ಲ. ನಾನು ಸಹಿ ಹಾಕಿದೆ. ಪಂಚನಾಮೆಯ ಮೂರು ಪ್ರತಿ ಬೇಕೆಂದು ಪೇದೆ ನನ್ನ ಅಂಗಡಿಗೇ ಬಂದ. ಮೂರರ ಮೇಲೂ ಗೀರು ಬಿತ್ತು. ದುಡ್ಡು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಡಬ್ಬಿ ಎರಡು ದಿನ ಮುಚ್ಚಿತ್ತು. ಕೆಲ ತಿಂಗಳ ಮೇಲೆ ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದನಂತೆ. ನನ್ನನ್ನು ಸಾಕ್ಷಿಗೆ ಯಾರೂ ಕರೆಯಲಿಲ್ಲ. ಆಗಲೇ ಪಟ್ಟಿಗಳು ಮೊಬೈಲಿನಲ್ಲಿ ಫೋಟೊ ಆಗಿ ಹೋಗತೊಡಗಿದ್ದವು, ಹುಡುಗನೂ ಬರುವುದು ನಿಂತಿತ್ತು.

ದಾಳಿಯಾದ ವಾರವೇ ಆ ಅಕ್ಕ ಬಂದಳು. ಮತ್ತೆ ಪಾಸ್‌ಬುಕ್ಕು, ಮತ್ತೆ ಹೊಸ ಸಂಘ. ಬಿಸಿ ಹಾಳೆಯನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು.

"ಇದೇನು ತಮ್ಮಾ, ಈ ಗೆರೆ?"

"ಮಷಿನ್ ಹಾಳಾಗಿದೆ ಅಕ್ಕಾ. ಎಲ್ಲದರ ಮೇಲೂ ಬೀಳುತ್ತದೆ."

"ಹೌದು, ನಮ್ಮವರ ದಿಂಬಿನ ಕೆಳಗಿರುವ ಪಹಣಿಯ ಮೇಲೂ ಇದೆ" ಎಂದಳು. ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿಯ ನಾಣ್ಯವನ್ನು ಗಾಜಿನ ಮೇಲಿಟ್ಟಳು. "ಹಮಾಲರಿಗೆ ಎಲ್ಲಿಯ ಹೊಲ ತಮ್ಮಾ?"