ದರಿಯಾ ದೌಲತ್‌ನಿಂದ ಒಡೆದ ಕೋಟೆಯವರೆಗೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಒಬ್ಬ ಸೋತ ಸೇನಾಪತಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಹೆಸರು ಕರ್ನಲ್ ವಿಲಿಯಂ ಬೇಲಿ, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯವನು. ಬೆರಳು ಬಾಯಿಗೆ ಹೋಗಿದೆ. ಸುತ್ತ ಕೆಂಪು ಕೋಟಿನ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ, ಅವರ ನಡುವೆ ಮದ್ದಿನ ಬಂಡಿಯೊಂದು ಸಿಡಿದು ಬೆಂಕಿ ಮೇಲೇಳುತ್ತಿದೆ. ನಾಲ್ಕೂ ಕಡೆಯಿಂದ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. ಕೆಂಪು ಕೋಟಿನವರ ಮುಖದ ಮೇಲೆ ಒಂದು ಮೀಸೆಯೂ ಇಲ್ಲ. ಮೈಸೂರಿನವರಿಗೆ ಮಾತ್ರ ದಟ್ಟ ಮೀಸೆ, ಗಡ್ಡ. ಇಷ್ಟೆಲ್ಲ ಗದ್ದಲದ ನಡುವೆ ಟಿಪ್ಪು ಕುದುರೆಯ ಮೇಲೆ ಕೂತು ಗುಲಾಬಿ ಹೂವೊಂದನ್ನು ಮೂಸುತ್ತಿದ್ದಾನೆ. ಇನ್ನೊಂದು ಮೂಲೆಯಲ್ಲಿ ಮೈಸೂರಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ, ದುರ್ಬೀನು ಹಿಡಿದು ನೋಡುತ್ತಿದ್ದಾನೆ.

ಇದು ಪೊಲ್ಲಿಲೂರಿನ ಕಾಳಗ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಬೇಲಿಯ ಪಡೆಯನ್ನು ಹೇಳಹೆಸರಿಲ್ಲದಂತೆ ಮಾಡಿದರು. ಬೇಲಿಯ ಬಳಿ ಇದ್ದದ್ದು ನಾಲ್ಕು ಸಾವಿರಕ್ಕೆ ಹತ್ತಿರದ ಜನ, ಅವರಲ್ಲಿ ಹೆಚ್ಚಿನವರು ಮದ್ರಾಸಿನ ಸಿಪಾಯಿಗಳು. ನೆರವಿಗೆ ಬರಬೇಕಿದ್ದ ಹೆಕ್ಟರ್ ಮನ್ರೋ ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿದ್ದ. ಸುದ್ದಿ ತಿಳಿದಾಗ ಭಾರದ ಫಿರಂಗಿಗಳನ್ನು ಅಲ್ಲಿಯ ಕೆರೆಗೆ ತಳ್ಳಿಸಿ ಮದ್ರಾಸಿನ ದಾರಿ ಹಿಡಿದ. ಕಂಪನಿಗೆ ಹಿಂದೂಸ್ಥಾನದಲ್ಲಿ ಅಲ್ಲಿಯವರೆಗೆ ಇಂಥ ಪೆಟ್ಟು ಬಿದ್ದಿರಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಅದು ಇಂದಿಗೂ ಉಳಿದಿರುವ ಬಗೆ. ಮೊದಲಿನ ಚಿತ್ರದ ಮೇಲೆ ಸುಣ್ಣ ಬಿದ್ದಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡವನು. ಅವನೇ ಅದನ್ನು ಮತ್ತೆ ಬರೆಸಿದ. ಅದು ಮಾಸಿದಾಗ, ಹತ್ತೊಂಬತ್ತನೆಯ ಶತಮಾನದ ನಡುವೆ, ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂದು ರಾಜ್ಯಗಳನ್ನು ನುಂಗಿದ ಅದೇ ಡಾಲ್‌ಹೌಸಿ, ತನ್ನವರು ಮಣ್ಣುಮುಕ್ಕಿದ ದೃಶ್ಯವನ್ನು ಕಾಪಾಡಲು ಖರ್ಚು ಮಾಡಿಸಿದ. ದೊಡ್ಡತನವೋ, ಗೆದ್ದವನಿಗೆ ಮಾತ್ರ ಸಾಧ್ಯವಾಗುವ ನಿರಾಳವೋ? ಎರಡನೆಯದೇ ಹೆಚ್ಚೆಂದು ನನ್ನ ಅಭಿಪ್ರಾಯ. ಕೊನೆಯ ಯುದ್ಧ ಗೆದ್ದಾದ ಮೇಲೆ ಮೊದಲ ಸೋಲು ಅಷ್ಟಾಗಿ ಕುಟುಕುವುದಿಲ್ಲ. ಶತ್ರು ಶೂರನಾಗಿದ್ದಷ್ಟೂ ಅವನನ್ನು ಗೆದ್ದವನ ಹಿರಿಮೆಯೂ ಏರುತ್ತದೆ.

ಜೊತೆಗೆ ಬಂದಿದ್ದ ಗೆಳೆಯ ಮಡಿಕೇರಿಯ ಕಡೆಯವನು. ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ, ಮಾತಾಡಲಿಲ್ಲ. ಹೊರಗೆ ಬಂದು ಆಟೋ ಹತ್ತಿದಾಗ, "ಚೆನ್ನಾಗಿದೆ ಮಾರಾಯ. ಆದ್ರೆ ನಮ್ಮ ಮನೇಲಿ ಅಜ್ಜಿ ಹೇಳ್ತಿದ್ದ ಕಥೇಲಿ ಈ ಹೂವು ಇರಲಿಲ್ಲ" ಎಂದ.

ಆಟೋದವರು ಗಂಜಾಂನ ರಸ್ತೆಯಲ್ಲಿ ಗುಂಬಜ್‌ನತ್ತ ಹೊರಟರು. ಸ್ಥಳದವರೇ, ಮಾತಿನಲ್ಲಿ ಮಂಡ್ಯದ ಸೊಗಡು. "ಸಾ, ಗುಂಬಜ್‌ಗೆ ಎಲ್ರೂ ಬತ್ತರೆ, ಫೋಟೋ ತಕ್ಕೊಂಡು ಓಯ್ತರೆ. ಪಕ್ಕದಲ್ಲೇ ಒಬ್ಬ ಬಿಳಿ ದೊರೆ ಸಮಾಧಿ ಅದೆ, ಅದ್ನ ಯಾರೂ ಕೇಳಕ್ಕಿಲ್ಲ. ಅದ್ನೂ ನೋಡ್ಕೊಂಡ್ ಬುಡಿ" ಎಂದರು. ಆ ಬಿಳಿ ದೊರೆಯೇ ಬೇಲಿ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕವನು 1782ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. 1816ರಲ್ಲಿ, ಲಖನೌದಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಅವನ ಅಣ್ಣತಮ್ಮಂದಿರ ಮಗ ಈ ಸ್ಮಾರಕ ಕಟ್ಟಿಸಿದ. ಹೀಗೆ ಹೈದರ್, ಟಿಪ್ಪು ಮಲಗಿರುವ ಗುಂಬಜ್‌ಗೂ ಅವರು ಸೋಲಿಸಿದ ಕರ್ನಲ್‌ನ ಗೋರಿಗೂ ನಡೆದು ಹೋಗುವಷ್ಟೇ ದೂರ. ಇತಿಹಾಸದಲ್ಲಿ ಇಷ್ಟು ಹತ್ತಿರ ಮಲಗಿದ ಶತ್ರುಗಳು ಅಪರೂಪ.

ಗುಂಬಜ್‌ನ ಸುತ್ತ ನುಣುಪಾದ ಕರಿಗಲ್ಲಿನ ಕಂಬಗಳು. ಒಳಗೆ ಗೋಡೆಯ ತುಂಬ ಹುಲಿಪಟ್ಟೆ. ನಡುವೆ ಹೈದರ್, ಅತ್ತಿತ್ತ ಟಿಪ್ಪುವಿನ ತಾಯಿ ಫಕ್ರುನ್ನೀಸಾ ಮತ್ತು ಟಿಪ್ಪು. ದಂತದ ಕುಸುರಿಯ ಬಾಗಿಲುಗಳು ಮತ್ತೆ ಡಾಲ್‌ಹೌಸಿಯ ಕೊಡುಗೆ. 1799ರ ಮೇ 5ರ ಸಂಜೆ, ಮುನ್ನಾದಿನವಷ್ಟೇ ಅವನನ್ನು ಕೊಂದವರು ಸೈನಿಕ ಗೌರವದೊಂದಿಗೆ ಟಿಪ್ಪುವನ್ನು ಇಲ್ಲಿಗೆ ತಂದರು. ಕೋಟೆಯ ಮೇಲಿಂದ ಫಿರಂಗಿಗಳು ಹಾರಿದವು. ಅದೇ ರಾತ್ರಿ ಗುಡುಗು ಮಿಂಚಿನ ಮಳೆ ಬಂದು, ಸಿಡಿಲು ಬಡಿದು ಬೊಂಬಾಯಿ ಸೈನ್ಯದ ಇಬ್ಬರು ಅಧಿಕಾರಿಗಳು ಸತ್ತರು. ಆ ಮಳೆಯನ್ನು ಬರೆದಿಟ್ಟವರೂ ಇಂಗ್ಲಿಷರೇ.

ಗೆಳೆಯ ಒಳಗೆ ಬಂದ. ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತ. ಹೂವಿನ ಚಾದರ ಹೊದಿಸಲು ಬಂದಿದ್ದ ಕುಟುಂಬವೊಂದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಅವನ ಮನೆತನದವರ ನೆನಪಿನಲ್ಲಿ ಶ್ರೀರಂಗಪಟ್ಟಣ ಎಂದರೆ ಕೊಡಗಿನಿಂದ ಹಿಡಿದು ತಂದವರನ್ನು ಕೂಡಿಟ್ಟ ಊರು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ಈ ಊರಿಗೆ ಅದೇ ಅರ್ಥ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ, ಟಿಪ್ಪು ಆ ದಿನ ತಮ್ಮವರನ್ನು ಕೊಲ್ಲಿಸಿದನೆಂಬ ನೆನಪಿನಲ್ಲಿ, ನರಕ ಚತುರ್ದಶಿ ಆಚರಿಸದ ಮನೆಗಳಿವೆ. ಇನ್ನೊಂದು ಕಡೆ, 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಕಾಗದ ಬರೆದು ಹಣ ಕಳಿಸಿದವನೂ ಟಿಪ್ಪುವೇ. ಮಂಡ್ಯ, ಮೈಸೂರಿನ ಲಾವಣಿಗಳಲ್ಲಿ ಅವನು ಹುಲಿಯಾಗಿಯೇ ಉಳಿದ. ಇವೆಲ್ಲ ಒಂದೇ ಮನುಷ್ಯನ ಕುರಿತ ನೆನಪುಗಳು, ಯಾವುದನ್ನೂ ಸುಳ್ಳೆಂದು ತಳ್ಳಿಹಾಕಲು ನನ್ನಿಂದಾಗದು. 2015ರಿಂದ ಸರ್ಕಾರ ಟಿಪ್ಪು ಜಯಂತಿ ನಡೆಸಿದ್ದು, 2019ರಲ್ಲಿ ನಿಲ್ಲಿಸಿದ್ದು, ಎರಡೂ ಸಲ ಬೀದಿಯಲ್ಲಿ ಕೂಗಾಡಿದವರು ಈ ನೆನಪುಗಳಲ್ಲಿ ಒಂದನ್ನಷ್ಟೇ ಎತ್ತಿಕೊಂಡರು.

ಕೊಡಗಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. 1799ರ ಯುದ್ಧದಲ್ಲಿ ಬೊಂಬಾಯಿಯ ಸೈನ್ಯ ಮೈಸೂರಿಗೆ ಬಂದದ್ದು ಕೊಡಗಿನ ಮೂಲಕ. ಕೊಡಗಿನ ದೊರೆ ದೊಡ್ಡವೀರರಾಜೇಂದ್ರ ಆ ಸೈನ್ಯದ ಜೊತೆಗಿದ್ದ. ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ಟಿಪ್ಪು ಅವರ ಮೇಲೆ ಬಿದ್ದು, ಹಿಂದಿರುಗಬೇಕಾಯಿತು. ನಾವು ಶಾಲೆಯಲ್ಲಿ ಓದಿದ 'ಬ್ರಿಟಿಷರು ಮತ್ತು ನಾವು' ಎಂಬ ಪಾಠದಲ್ಲಿ ಈ ಪುಟ ಸೇರುವುದೇ ಇಲ್ಲ. ನಿಜಾಮನ ಸೈನ್ಯವೂ ಆ ಕಡೆಯೇ ಇತ್ತು. ಕೋಟೆ ಮುತ್ತಿದವರಲ್ಲಿ ಬಿಳಿಯರಿಗಿಂತ ನಮ್ಮವರೇ ಎಷ್ಟೋ ಪಾಲು ಹೆಚ್ಚು.

ಅಲ್ಲಿಂದ ಕೋಟೆಯೊಳಗೆ. ರಂಗನಾಥಸ್ವಾಮಿ ದೇವಸ್ಥಾನದ ಬಳಿ ಜನವೋ ಜನ. ಕೋಟೆಗೋಡೆಯ ತಗ್ಗಿನಲ್ಲಿರುವ ಸೆರೆಮನೆಗೆ ಬೇಲಿಯ ಹೆಸರೇ ಇದೆ. ಇಟ್ಟಿಗೆಯ ಕಮಾನಿನ ಚಾವಣಿ, ಗೋಡೆಗುಂಟ ನೆಟ್ಟ ಕಲ್ಲುಗಳಲ್ಲಿ ಸರಪಳಿ ಹಾಯಿಸುವ ತೂತುಗಳು. ಕೈ ಚಾಚಿ ನಿಂತರೆ ಅವು ಎಷ್ಟು ಎತ್ತರಕ್ಕಿವೆ ಎಂದು ಮೈಗೇ ತಿಳಿಯುತ್ತದೆ. ಒಂದು ಫಿರಂಗಿ ಚಾವಣಿ ಒಡೆದು ಒಳಗೆ ಬಿದ್ದದ್ದು ಬಿದ್ದಲ್ಲೇ ಇದೆ.

ಪೊಲ್ಲಿಲೂರಿನಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಸ್ಕಾಟ್ ಅಧಿಕಾರಿಯೂ ಇದ್ದ. ಗುಂಡು, ಕತ್ತಿ, ಭರ್ಜಿ ಮೂರರ ಗಾಯವೂ ಮೈಮೇಲಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಕೋಳ ಹಾಕಿಸಿಕೊಂಡು ಇದ್ದು, 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದ. ಹದಿನೈದು ವರ್ಷಗಳ ಮೇಲೆ, 1799ರ ಮೇ 4ರ ಮಧ್ಯಾಹ್ನ, ಬಿಸಿಲಿಗೆ ಬತ್ತಿದ್ದ ಕಾವೇರಿಯನ್ನು ದಾಟಿ ಕೋಟೆಯ ಬಿರುಕಿಗೆ ನುಗ್ಗಿದ ಪಡೆಯ ಮುಂದಾಳು ಅವನೇ. ತಾನಾಗಿ ಕೇಳಿ ಪಡೆದ ಕೆಲಸ. ಆದರೆ ಊರಿನ ಆಡಳಿತ ಸಿಕ್ಕಿದ್ದು ವೆಲ್ಲೆಸ್ಲಿಗೆ, ಬೇರ್ಡ್ ಅದನ್ನು ಬಹುಕಾಲ ಮರೆಯಲಿಲ್ಲ. ಅವನು 1829ರಲ್ಲಿ ತೀರಿಕೊಂಡ ನಂತರ ಹೆಂಡತಿ ಸ್ಕಾಟ್ಲೆಂಡಿನ ಕ್ರೀಫ್ ಹತ್ತಿರದ ಬೆಟ್ಟದ ಮೇಲೆ ಎತ್ತರದ ಸ್ತಂಭ ನಿಲ್ಲಿಸಿದಳು. ಚಿತ್ರಕಾರ ಡೇವಿಡ್ ವಿಲ್ಕಿಯಿಂದ ದೊಡ್ಡ ಚಿತ್ರವೊಂದನ್ನೂ ಬರೆಸಿದಳು: ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ಶವದ ಮೇಲ್ಗಡೆ ನಿಂತಿದ್ದಾನೆ, ಅವನ ಕಾಲಡಿಯಲ್ಲಿ ಸೆರೆಮನೆಯ ಕಂಡಿ. ದರಿಯಾ ದೌಲತ್‌ನ ಗೋಡೆಗೆ ಸ್ಕಾಟ್ಲೆಂಡ್ ಕೊಟ್ಟ ಉತ್ತರ ಅದು. ಅಲ್ಲಿ ಬೇಲಿ ಕೂತಿದ್ದಾನೆ, ಇಲ್ಲಿ ಟಿಪ್ಪು ಬಿದ್ದಿದ್ದಾನೆ.

ಕಂಪನಿಯೂ ಪದಕ ಹೊಡೆಸಿತು, ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೇರಿರುವ ಚಿತ್ರ. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರ. ಲೂಟಿಯ ಹಣದ ಹಂಚಿಕೆಯೂ ಹೀಗೆಯೇ: ಸೇನಾಪತಿ ಹ್ಯಾರಿಸ್‌ಗೆ ಒಂದು ಲಕ್ಷ ಪೌಂಡಿಗೂ ಮೀರಿ ಬಂದರೆ ಸಿಪಾಯಿಯ ಪಾಲು ಐದು ಪೌಂಡಿನ ಆಸುಪಾಸು.

ಟಿಪ್ಪುವಿನ ದೇಹ ಸಿಕ್ಕಿದ ಜಾಗ ಸೆರೆಮನೆಯಿಂದ ದೂರವಿಲ್ಲ. ಚಿಕ್ಕ ಆವರಣ, ನಡುವೆ ಒಂದು ಕಲ್ಲು, ಅದರ ಮೇಲೆ ಒಂದೇ ಸಾಲು. ಅಂದು ಮಧ್ಯಾಹ್ನ ಊಟಕ್ಕೆ ಕೂತಿದ್ದ ಟಿಪ್ಪುವಿಗೆ ತನ್ನ ನಂಬಿಕೆಯ ಸರದಾರ ಸೈಯದ್ ಗಫಾರ್ ಫಿರಂಗಿ ಗುಂಡಿಗೆ ಬಲಿಯಾದ ಸುದ್ದಿ ಬಂತು. ಊಟ ಬಿಟ್ಟೆದ್ದು ಗೋಡೆಯತ್ತ ಹೊರಟ. ಗಾಯಗೊಂಡು ಹೆಣಗಳ ನಡುವೆ ಬಿದ್ದಿದ್ದಾಗಲೂ, ತನ್ನ ಕತ್ತಿಯ ಪಟ್ಟಿಗೆ ಕೈ ಹಾಕಿದ ಸೈನಿಕನೊಬ್ಬನಿಗೆ ಕತ್ತಿ ಬೀಸಿದ, ಆ ಸೈನಿಕ ತಲೆಗೆ ಗುಂಡು ಹೊಡೆದ. ಇದನ್ನು ಟಿಪ್ಪುವಿನ ಆಸ್ಥಾನದ ಹೊಗಳುಭಟರು ಕಟ್ಟಿದ್ದಲ್ಲ, ಇಂಗ್ಲಿಷರ ದಾಖಲೆಗಳಲ್ಲೇ ಬಂದದ್ದು. ಓಡಿಹೋಗಬಹುದಾಗಿದ್ದವನು ನಿಂತು ಸತ್ತ ಎಂಬುದಕ್ಕೆ ಕೊಂದವರ ಸಾಕ್ಷಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅವನ ಆಳ್ವಿಕೆಯ ಬಗ್ಗೆ ಎಷ್ಟು ಜಗಳವಿದ್ದರೂ ಆ ಮಧ್ಯಾಹ್ನದ ಬಗ್ಗೆ ಇಲ್ಲ. ಗೆಳೆಯನೂ ಇಲ್ಲಿ ತಲೆಯಾಡಿಸಿದ.

ಸೈಯದ್ ಗಫಾರ್ ಕೂಡ ಒಂದು ಕಾಲಕ್ಕೆ ಕಂಪನಿಯ ಕಡೆ ಇದ್ದು, ಸೆರೆಯಾಗಿ ಬಂದು, ಮೈಸೂರಿನ ಸೇವೆಗೆ ನಿಂತವನು. ಅಂಥವನು ಕೊನೆಯ ದಿನ ಗೋಡೆ ಬಿಡಲಿಲ್ಲ. ಅವನ ಬಗ್ಗೆ ಒಂದು ನಾಟಕವಾದರೂ ನಮ್ಮಲ್ಲಿ ಬರಬೇಕು ಎಂಬುದು ನನ್ನ ಆಸೆ.

ನದಿಯ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸೈನಿಕರು, ಅವರ ಹೆಂಡಿರು ಮಕ್ಕಳು ಅಲ್ಲಿದ್ದಾರೆ. ಡಚ್ಚರ ಸಂಬಳಕ್ಕೆ ಸಿಂಹಳದಲ್ಲಿದ್ದ ದಂಡು 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬದಲಾಗಿ ಇಲ್ಲಿಯವರೆಗೆ ಬಂದಿತ್ತು. ಗೋರಿಗಳ ಮೇಲೆ ಅವರಿಗೂ ಹೆಸರಿದೆ.

ಕೊನೆಗೆ ಕೋಟೆಯ ಪಶ್ಚಿಮ ಮೂಲೆ, ಗೋಡೆ ಒಡೆದ ಜಾಗ. ಕಾವೇರಿ ಕೆಳಗೆ ಬಂಡೆಗಳ ನಡುವೆ ಹರಿಯುತ್ತದೆ, ಆಚೆ ದಡದಲ್ಲಿ ಗದ್ದೆಗಳು. ಇಲ್ಲಿ ನಿಂತರೆ, ನಡುಮಧ್ಯಾಹ್ನ ಆ ನೀರು ದಾಟಿ ಬಂದವರಿಗೂ ಇಲ್ಲಿ ತಡೆದು ನಿಂತವರಿಗೂ ಎಷ್ಟು ಧೈರ್ಯ ಬೇಕಿತ್ತು ಎಂದು ಅರ್ಥವಾಗುತ್ತದೆ. ಇಲ್ಲಿರುವ ಕಲ್ಲಿನ ಸ್ತಂಭವನ್ನು ನಿಲ್ಲಿಸಿದ್ದು ಇಂಗ್ಲಿಷರಲ್ಲ, ಮೈಸೂರು ಸರ್ಕಾರ, 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಸ್ಮರಿಸಿದ್ದು ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು. ಮೈಸೂರಿನ ನೆಲದಲ್ಲಿ, ಮೈಸೂರಿನ ಸರ್ಕಾರವೇ ಮೈಸೂರಿನ ಕೋಟೆ ಒಡೆದವರಿಗೆ ಕಲ್ಲು ನಿಲ್ಲಿಸಿತು. ಕೋಪಿಸಿಕೊಳ್ಳುವುದು ಸುಲಭ. ಆದರೆ ಒಡೆಯರ ಮನೆತನಕ್ಕೆ ಆ ದಿನವೇ ಮರುಹುಟ್ಟು: ಕೋಟೆ ಬಿದ್ದ ಎರಡು ತಿಂಗಳೊಳಗೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದರು. ಅವರ ಪಾಲಿಗೆ ಇದು ಸೋಲಿನ ಜಾಗವಲ್ಲ.

ಆಟೋದವರು ನಮ್ಮ ಹಿಂದೆಯೇ ಬಂದು ಸ್ತಂಭವನ್ನು ನೋಡುತ್ತ ನಿಂತಿದ್ದರು. "ಸಾ, ಇದ್ರಾಗೆ ನಮ್ಮೋರ್ ಎಸ್ರು ಅದಾ?" ಎಂದು ಕೇಳಿದರು.

ಕಲ್ಲಿನಲ್ಲಿ ಅಧಿಕಾರಿಗಳ ಹೆಸರುಗಳು ಸಾಲಾಗಿವೆ. ಅದೇ ಪಡೆಯಲ್ಲಿ ಸತ್ತ ಮದ್ರಾಸು, ಬೊಂಬಾಯಿ ಸಿಪಾಯಿಗಳು ಯಾವ ಊರಿನವರು, ಯಾರ ಮಕ್ಕಳು ಎಂದು ಇಲ್ಲಿ ತಿಳಿಯುವುದಿಲ್ಲ. ಅವರು ಬೇಲಿಯ ಜೊತೆಗೂ ಸತ್ತರು, ಬೇರ್ಡ್‌ನ ಜೊತೆಗೂ ಸತ್ತರು. ಗೋಡೆಯ ಈಚೆ ಬಿದ್ದ ಮೈಸೂರಿನವರು ಸಾವಿರಗಟ್ಟಲೆ. ಆರು ಸಾವಿರಕ್ಕೆ ಕಡಿಮೆಯಿಲ್ಲವೆಂದು ಇಂಗ್ಲಿಷರ ಕಡೆಯ ಅಂದಾಜುಗಳು. ಅವರಲ್ಲಿ ಮುಸಲ್ಮಾನರಿದ್ದರು, ಬೇಡರಿದ್ದರು, ಒಕ್ಕಲುಮಕ್ಕಳಿದ್ದರು. ಇಡೀ ದಿನ ಸುತ್ತಿದ ಊರಿನಲ್ಲಿ ನಾನು ಕಂಡದ್ದು ನಾಯಕರು ನಾಯಕರಿಗೆ ಸಲ್ಲಿಸಿಕೊಂಡ ಗೌರವ. ಸುಲ್ತಾನನಿಗೆ ಫಿರಂಗಿ, ಕರ್ನಲ್‌ಗೆ ಗೋರಿ, ಜನರಲ್‌ಗೆ ಬೆಟ್ಟದ ಮೇಲಿನ ಸ್ತಂಭ. ಶತ್ರುವಿನ ದೊರೆಯನ್ನು ನೆನೆಯಲು ಎರಡೂ ಕಡೆಯವರಿಗೆ ಮನಸ್ಸು ಬಂತು, ತಮ್ಮದೇ ಕಾಲಾಳನ್ನು ನೆನೆಯಲು ಬರಲಿಲ್ಲ.

"ಇಲ್ಲ ಅಣ್ಣ, ನಮ್ಮವರ ಹೆಸರು ಇಲ್ಲ" ಎಂದೆ.

ಮೈಸೂರಿನ ಬಸ್ಸಿನಲ್ಲಿ ಗೆಳೆಯನಿಗೆ ಹೇಳಿದೆ, ಆ ಸ್ತಂಭದ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸಬೇಕು ಎಂದು. ಹೆಸರುಗಳು ಈಗ ಸಿಗಲಿಕ್ಕಿಲ್ಲ. ಆದರೆ ಅಂದು ಗೋಡೆಯ ಎರಡೂ ಬದಿಯಲ್ಲಿ ಸತ್ತ ಈ ದೇಶದ ಕಾಲಾಳುಗಳಿಗೆ ಎಂದು ಕನ್ನಡದಲ್ಲಿ ಎರಡು ಸಾಲು ಕೆತ್ತಲು ಯಾರ ಅಡ್ಡಿ? ಅವನು ಸ್ವಲ್ಪ ಹೊತ್ತು ಯೋಚಿಸಿ, "ಕೆತ್ತಿಸೋದಾದ್ರೆ ಮೂರು ಸಾಲು ಕೆತ್ತಿಸು. ನಮ್ಮ ಊರುಗಳಿಂದ ಎಳಕೊಂಡು ಬಂದು ಇಲ್ಲೇ ತೀರಿಹೋದವರೂ ಇದ್ದಾರೆ, ಅವರ ಕೈಲಿ ಕತ್ತಿ ಇರಲಿಲ್ಲ ಅಷ್ಟೆ" ಎಂದ. ಮೂರು ಸಾಲೇ ಸರಿ ಎಂದೆ. ಆ ಮೂರನೆಯ ಸಾಲಿನಲ್ಲಿ ಯಾವ ಮಾತು ಬರೆಯಬೇಕು ಎಂಬುದು ಮೈಸೂರು ತಲುಪಿದರೂ ತೀರ್ಮಾನವಾಗಲಿಲ್ಲ. ಮುಂದಿನ ಸಲ ಅವನ ಜೊತೆ, ಟಿಪ್ಪುವಿನ ಸೈನ್ಯ ತಮ್ಮವರನ್ನು ಕೊಂದು ಸೆರೆಹಿಡಿದ ಜಾಗವೆಂದು ಕೊಡವರು ನೆನೆಯುವ ಕೊಡಗಿನ ದೇವಟ್ಟಿಪರಂಬಿಗೆ ಹೋಗುವುದೆಂದು ಮಾತಾಗಿದೆ.