"ಯಾರಿಗೂ ಹೇಳಲ್ಲ" ಅಂತ ಈಗ ಮಾತು ಕೊಡಲ್ಲ

ಕೌನ್ಸೆಲಿಂಗ್ ಶುರು ಮಾಡಿದ ಹೊಸದರಲ್ಲಿ ಮೊದಲ ಸೆಷನ್‌ಗೆ ಬಂದೋರಿಗೆಲ್ಲ "ಇಲ್ಲಿ ಆಡಿದ ಮಾತು ಈ ರೂಮ್ ದಾಟಲ್ಲ, ಧೈರ್ಯವಾಗಿ ಹೇಳಿ" ಅಂತಿದ್ದೆ. ಹಾಗಂದ ತಕ್ಷಣ ಅವ್ರ ಮುಖ ಸ್ವಲ್ಪ ಸಡಿಲ ಆಗೋದು, ನನಗೂ ಸಮಾಧಾನ. ಆಮೇಲೆ ಒಂದಿನ ಒಬ್ರು ಹೇಳಿದ್ದು ಕೇಳಿ, ಇದನ್ನ ನಾನು ಹೊಟ್ಟೇಲಿಟ್ಕೊಂಡ್ರೆ ಇವ್ರ ಜೀವ ಉಳಿಯಲ್ಲ ಅನ್ನಿಸಿ ಮನೆಯವರಿಗೆ ಫೋನ್ ಮಾಡಲೇಬೇಕಾಯ್ತು (ಇದಕ್ಕಿಂತ ಹೆಚ್ಚು ಬರೆಯಲ್ಲ, ಹೆಸರು ಬದಲಾಯಿಸಿದ್ರೂ ಗೊತ್ತಿರೋರು ಗುರುತು ಹಿಡೀತಾರೆ). ಅವ್ರು ಉಳಿದ್ರು. ಆದ್ರೆ "ನೀವೇ ಹೇಳಿದ್ರಲ್ಲ ಯಾರಿಗೂ ಹೇಳಲ್ಲ ಅಂತ" ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಫೋನ್ ಮಾಡಿದ್ದರ ಬಗ್ಗೆ ಇವತ್ತಿಗೂ ಬೇಜಾರಿಲ್ಲ, ಮೊದಲ ದಿನ ಕೊಟ್ಟ ಮಾತಿನ ಬಗ್ಗೆ ಇದೆ.

ಈ ಫೀಲ್ಡ್‌ನಲ್ಲಿ ಓದಿದೋರಿಗೆಲ್ಲ ಟರಾಸಾಫ್ ಕೇಸ್ ಗೊತ್ತಿರತ್ತೆ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರೊಸೆನ್‌ಜಿತ್ ಪೊದ್ದಾರ್ ಅನ್ನೋ ವಿದ್ಯಾರ್ಥಿ ತನ್ನ ಸೈಕಾಲಜಿಸ್ಟ್ ಹತ್ರ ಟಟಿಯಾನಾ ಟರಾಸಾಫ್ ಅನ್ನೋ ಹುಡುಗಿಯನ್ನ ಕೊಲ್ತೀನಿ ಅಂತ ಹೇಳಿದ್ದ. ಸೈಕಾಲಜಿಸ್ಟ್ ಸುಮ್ನಿರ್ಲಿಲ್ಲ, ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ್ರು, ಅವ್ರು ಹಿಡ್ಕೊಂಡು ಮಾತಾಡಿಸಿ, ಸರಿಯಾಗೇ ಇದಾನೆ ಅಂತ ಬಿಟ್ಬಿಟ್ರು. ಆ ಹುಡುಗಿಗಾಗ್ಲಿ ಅವಳ ಅಪ್ಪ ಅಮ್ಮನಿಗಾಗ್ಲಿ ಯಾರೂ ಒಂದು ಮಾತು ಹೇಳ್ಲಿಲ್ಲ. ಅಕ್ಟೋಬರ್‌ನಲ್ಲಿ ಅವನು ಅವಳನ್ನ ಕೊಂದ. ಅಪ್ಪ ಅಮ್ಮ ಕೋರ್ಟಿಗೆ ಹೋದ್ರು, 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಅಪಾಯದಲ್ಲಿರೋ ವ್ಯಕ್ತಿಯನ್ನ ಕಾಪಾಡೋಕೆ ಬೇಕಾದ ಕ್ರಮ ತಗೊಳ್ಳೋದು ಥೆರಪಿಸ್ಟ್‌ನ ಹೊಣೆ ಅಂತ ಹೇಳ್ತು. ಆ ಹುಡುಗಿ ಯಾವತ್ತೂ ಆ ರೂಮಿಗೆ ಕಾಲಿಟ್ಟೋಳೇ ಅಲ್ಲ, ಆದ್ರೂ ಅವಳ ಜೀವದ ಪ್ರಶ್ನೆ ಆ ರೂಮಲ್ಲೇ ಇತ್ತು, ನನ್ನನ್ನ ತುಂಬಾ ಕಾಡೋದು ಇದೇ.

ಎಲ್ಲಾ ಕಡೆ ಕಾನೂನು ಒಂದೇ ಥರ ಇಲ್ಲ. ಕೆಲವು ಕಡೆ ತಿಳಿಸಲೇಬೇಕು, ಇನ್ನು ಕೆಲವು ಕಡೆ ತಿಳಿಸಬಹುದು ಅಂತಷ್ಟೇ ಇದೆ, ಮಕ್ಕಳ ಮೇಲೆ ದೌರ್ಜನ್ಯ ಆಗ್ತಿದ್ರೆ ರಿಪೋರ್ಟ್ ಮಾಡೋದು ಬಹಳ ಕಡೆ ಕಡ್ಡಾಯ. ನಾವು ಕೆಲಸ ಮಾಡೋ ಜಾಗದ ಕಾನೂನು ಓದ್ಕೊಳ್ಳದೆ ಕ್ಲೈಂಟ್ ಮುಂದೆ ಕೂರಲೇಬಾರದು.

ಈಗ ಮೊದಲ ಹತ್ತು ನಿಮಿಷ ಇದಕ್ಕೇ ಇಡ್ತೀನಿ. ಫಾರ್ಮ್ ಕೊಟ್ಟು ಸೈನ್ ಹಾಕಿ ಅನ್ನೋದಲ್ಲ, ಯಾವಾಗ ಹೊರಗೆ ಹೇಳ್ಬೇಕಾಗತ್ತೆ, ಯಾರಿಗೆ, ಎಷ್ಟು, ಎಲ್ಲಾ ಬಾಯಲ್ಲೇ ಹೇಳ್ತೀನಿ. "ಸಾಯಬೇಕು ಅನ್ಸತ್ತೆ ಅಂದ್ರೂ ಮನೆಗೆ ಹೇಳ್ತೀರಾ?" ಅಂತ ಕೇಳೋರಿದಾರೆ. ಹಾಗೆ ಅನ್ಸೋದು ಬೇರೆ, ಇವತ್ತು ರಾತ್ರಿ ಹೀಗೆ ಮಾಡ್ಕೋತೀನಿ ಅನ್ನೋದು ಬೇರೆ, ಮೊದಲನೇದನ್ನ ನಾವಿಬ್ರೇ ಕೂತು ಮಾತಾಡೋಣ, ಎರಡನೇದಾದ್ರೆ ನಿಮಗೆ ಹೇಳೇ ಮಾಡ್ತೀನಿ, ಆದಷ್ಟು ನಿಮ್ಮ ಕೈಯಿಂದ್ಲೇ ಫೋನ್ ಮಾಡಿಸ್ತೀನಿ ಅಂತೀನಿ. ಇಷ್ಟು ಕೇಳಿದ್ಮೇಲೆ ಬಾಯಿ ಮುಚ್ಕೊಳ್ತಾರೆ ಅಂತ ಭಯ ಇತ್ತು, ಹೆಚ್ಚಿನೋರು ಆಮೇಲೇ ಮಾತು ಶುರು ಮಾಡ್ತಾರೆ.

ಅನುಮಾನ ಬಂದಾಗ ಒಬ್ಬಳೇ ನಿರ್ಧಾರ ಮಾಡಲ್ಲ, ಕ್ಲೈಂಟ್ ಹೆಸರು ಹೇಳದೆ ಸೂಪರ್‌ವೈಸರ್ (ನನ್ನ ಕೆಲಸಕ್ಕೆ ದಾರಿ ತೋರಿಸೋ ಹಿರಿಯ ಕೌನ್ಸೆಲರ್) ಹತ್ರ ಕೇಳ್ತೀನಿ, ಏನು ಮಾಡಿದೆ, ಯಾಕೆ ಮಾಡಿದೆ ಅಂತ ಅವತ್ತೇ ನೋಟ್ಸ್‌ನಲ್ಲಿ ಬರೆದಿಡ್ತೀನಿ. ಆ ನೋಟ್ಸ್ ಮುಂದೊಂದು ದಿನ ಕೋರ್ಟ್ ಕೇಳಬಹುದು, ಕ್ಲೈಂಟೇ ಓದಬಹುದು, ಅದಕ್ಕೇ ಅವರೆದುರು ಓದೋಕಾಗದ ಒಂದು ಸಾಲೂ ಅದರಲ್ಲಿ ಬರೆಯಲ್ಲ.