ಮನೆಯ ಹಳೆ ಡೆಸ್ಕ್‌ಟಾಪಿಗೆ ಯಾವ ಲೈನಕ್ಸ್?

2025 ನವೆಂಬರ್ 2, ಆದಿತ್ಯವಾರ
ಬದಿಯಡ್ಕ, ಕಾಸರಗೋಡು

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ಅಕ್ಟೋಬರ್ 14ಕ್ಕೆ ಮುಗಿಯಿತು. ಇವತ್ತು ಮೇಜಿನ ಮೇಲಿರುವುದು ಎಚ್61 ಮದರ್‌ಬೋರ್ಡು, ಮೂರನೇ ತಲೆಮಾರಿನ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್ ಇರುವ ಡೆಸ್ಕ್‌ಟಾಪ್. ವಿಂಡೋಸ್ 11 ಇದಕ್ಕೆ ಕೂಡಿಬರುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಬೇಕು. ಹಾಗಂತ ಗುಜರಿಗೆ ಹಾಕುವಂಥದ್ದೂ ಅಲ್ಲ. ವಿಂಡೋಸಿನ ಬದಲು ಲೈನಕ್ಸ್ ಎಂಬ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಬಹುದು, ಅದರಲ್ಲಿ ಹಲವು ಬಗೆ ಉಂಟು.

ಆಯ್ಕೆ: ಲೈನಕ್ಸ್ ಮಿಂಟ್ 22.2, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಮಿಂಟಿನ ಇನ್ನೊಂದು ಆವೃತ್ತಿ ಸಿನಮನ್ ನೋಡಲು ಚಂದ, ಆದರೆ 4 ಜಿಬಿಯಲ್ಲಿ ಬ್ರೌಸರ್ ತೆರೆದ ಮೇಲೆ ಏದುಸಿರು ಬಿಡುತ್ತದೆ. ಮಿಂಟ್ 22ಕ್ಕೆ ಉಬುಂಟು ಎಂಬ ಇನ್ನೊಂದು ಲೈನಕ್ಸಿನ 24.04 ಆವೃತ್ತಿ ಅಡಿಪಾಯ, 2029ರವರೆಗೆ ಅಪ್‌ಡೇಟ್ ಉಂಟು. ಡೆಬಿಯನ್ 13 ಎಂಬ ಲೈನಕ್ಸ್ ಕೂಡ ಗಟ್ಟಿಯೇ, ಆದರೆ ಮನೆಯಲ್ಲಿ ಕೇಳಿ ಹೇಳುವವರು ಇಲ್ಲದಿದ್ದರೆ ಮಿಂಟ್ ಸುಲಭ. 64 ಬಿಟ್ ಅಲ್ಲದ ಪ್ರೊಸೆಸರ್ ಆದರೆ ಎರಡೂ ಆಗುವುದಿಲ್ಲ. ಅಂಥದ್ದಕ್ಕೆ ಆಂಟಿಎಕ್ಸ್ ನೋಡಬಹುದು.

ಕಾಸರಗೋಡಿನವರಿಗೆ ಇನ್ನೊಂದು ಅನುಕೂಲ ಉಂಟು. ಇಲ್ಲಿನ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲೂ, ಮಕ್ಕಳು ಐಟಿ ಕಲಿಯುವುದು ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಕೊಡುವ ಉಬುಂಟು ಆಧಾರಿತ ಗ್ನು/ಲೈನಕ್ಸಿನಲ್ಲಿ. ಜಿಯೋಜಿಬ್ರಾ, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಅವರಿಗೆ ಹೊಸತಲ್ಲ, ಮನೆಯಲ್ಲಿ ಹಿರಿಯರಿಗೇ ಅವರು ಹೇಳಿಕೊಡುತ್ತಾರೆ. ಹತ್ತನೇ ತರಗತಿಯ ಮಗು ಇರುವ ಮನೆಯಾದರೆ ನೇರ ಕೈಟ್‌ನದ್ದನ್ನೇ ಹಾಕಿದರೂ ತಪ್ಪಿಲ್ಲ.

ಓಎಸ್ ಹಾಕುವ ಮೊದಲು ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ನೋಡಬೇಕು: ಸಿಆರ್2032, 3 ವೋಲ್ಟ್. ತುಲಾ ಮಳೆಯ ಸಮಯದಲ್ಲಿ ಸಂಜೆಯಾದರೆ ಗುಡುಗು-ಸಿಡಿಲು, ಎಲ್ಲರೂ ಪ್ಲಗ್ ಕಿತ್ತಿಡುತ್ತಾರೆ. ಅದು ಸರಿಯೇ. ಆದರೆ ಪ್ಲಗ್ ಇರುವಷ್ಟು ಹೊತ್ತು ಬೋರ್ಡಿನ ಗಡಿಯಾರ ಓಡುವುದು ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ, ಕಿತ್ತರೆ ಪೂರ್ತಿ ಭಾರ ಈ ಬ್ಯಾಟರಿಯ ಮೇಲೆ. ಹಾಗಾಗಿ ಬೇಗ ಸೋಲುತ್ತದೆ. ಸೋತರೆ ಬೆಳಿಗ್ಗೆ ತಾರೀಕು ಹತ್ತು-ಹನ್ನೆರಡು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರ್ ಯಾವ ಸೈಟ್ ತೆರೆದರೂ ಪ್ರಮಾಣಪತ್ರ ಸರಿಯಿಲ್ಲ ಅನ್ನುತ್ತದೆ. ಅಪ್‌ಡೇಟ್ ಒತ್ತಿದರೆ, ಸರ್ವರಿನ ಕಡತ ಇನ್ನೂ ಜಾರಿಗೆ ಬಂದಿಲ್ಲ ಎಂದು ತಕರಾರು. ಬೈಗುಳ ಮಾತ್ರ ಲೈನಕ್ಸಿಗೆ.

ಬ್ಯಾಟರಿ ಬದಲಿಸುವಾಗ ಪ್ಲಗ್ ತೆಗೆದಿರಬೇಕು. ಹಾಕಿದ ಮೇಲೆ ಬಯಾಸ್ (ಬೋರ್ಡಿನೊಳಗಿನ ಆರಂಭಿಕ ತಂತ್ರಾಂಶ) ಸೆಟ್ಟಿಂಗ್ ಅಳಿಸಿ ಮೊದಲಿನಂತಾಗಿರುತ್ತದೆ, ಡಿಸ್ಕಿನೊಂದಿಗೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಐಡಿಇ ಎಂದಿದ್ದರೆ ಎಎಚ್‌ಸಿಐ ಮಾಡಬೇಕು. ಆದರೆ ಹಳೆ ವಿಂಡೋಸ್ ಐಡಿಇಯಲ್ಲೇ ಹಾಕಿದ್ದಾದರೆ ಆಮೇಲೆ ಅದು ಬೂಟ್ ಆಗದೆ ನೀಲಿ ಪರದೆ ತೋರಿಸಬಹುದು, ಯಾವುದರಲ್ಲಿತ್ತು ಎಂದು ಮೊದಲೇ ಬರೆದಿಡುವುದು ಒಳ್ಳೆಯದು.

ಎರಡನೇ ಖರ್ಚು 240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್. ಎಚ್61ರಲ್ಲಿ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಚಿಂತೆ ಬೇಡ, ಹಾರ್ಡ್‌ಡಿಸ್ಕಿನ ಮುಂದೆ ಅದೇ ಹಬ್ಬ. ರ‍್ಯಾಮಿನ ಸ್ಲಾಟ್ ಇನ್ನೊಂದು ಖಾಲಿ ಇದ್ದರೆ 4 ಜಿಬಿ ಇನ್ನೊಂದು ಹಾಕಬಹುದು, ಆದರೆ ಮೊದಲು ಎಸ್‌ಎಸ್‌ಡಿ.

ಇನ್‌ಸ್ಟಾಲ್ ಮಾಡುವಾಗ ಹಳೆ ಹಾರ್ಡ್‌ಡಿಸ್ಕಿನ ಡೇಟಾ ಕೇಬಲ್ ಕಳಚಿಡಬೇಕು. ಹೀಗಾದರೆ ಓಎಸ್ ಏರಿಸುವ ಬೂಟ್‌ಲೋಡರ್ ತಪ್ಪಿ ವಿಂಡೋಸ್ ಡಿಸ್ಕಿಗೆ ಹೋಗುವ ಪ್ರಶ್ನೆಯೇ ಇಲ್ಲ. ‘ಡಿಸ್ಕ್ ಅಳಿಸು’ ಒತ್ತುವಾಗ ಕೈ ನಡುಗುವುದೂ ಇಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ (ಮಿಂಟಿನ ಇನ್‌ಸ್ಟಾಲ್ ಕಡತ) ಇಳಿಸಿದ ಮೇಲೆ, ಅದು ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಶಾ-256 ಮೊತ್ತ ತಾಳೆ ನೋಡಿ ರೂಫಸ್ ತಂತ್ರಾಂಶದಲ್ಲಿ ಪೆನ್‌ಡ್ರೈವಿಗೆ ಬರೆಯುವುದು, ಹಳೆ ಬಯಾಸ್ ಆದರೆ ಅದರಲ್ಲಿ ‘ಎಂಬಿಆರ್’ ಎಂಬ ಆಯ್ಕೆ ಆರಿಸುವುದು. ಅರ್ಧ ಇಳಿದ ಐಎಸ್‌ಒದಿಂದ ಬರುವ ತೊಂದರೆಗೆ ತಲೆಬುಡ ಇರುವುದಿಲ್ಲ, ಆದ್ದರಿಂದ ಆ ಎರಡು ನಿಮಿಷ ಉಳಿಸಬಾರದು.

ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಏರಿಸಿದಾಗಲೇ ಶಬ್ದ, ವೈಫೈ, ಪ್ರಿಂಟರ್ ಮೂರೂ ನೋಡಿಬಿಡಬೇಕು. ವೈಫೈ ಕಾಣದಿದ್ದರೆ ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆಯಬಹುದು. ನಿಜವಾದ ತಲೆನೋವು ಪ್ರಿಂಟರ್. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆಗೆ ಎಚ್‌ಪಿಯ ಪ್ರತ್ಯೇಕ ಪ್ಲಗಿನ್ ಬೇಕು, ಆನ್ ಮಾಡಿದಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ತುಂಬಿಸಿಕೊಳ್ಳುವ ಯಂತ್ರ ಅದು. ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಭಾಷೆ ಮಾತಾಡುತ್ತದೆ, ಹೊಸ ಲೈನಕ್ಸಿನಲ್ಲಿ ಅದನ್ನು ಒಲಿಸುವುದು ಕಷ್ಟ. ಅದೊಂದೇ ಪ್ರಿಂಟರ್ ಇರುವ ಮನೆಗೆ, ಹಾಗೆಯೇ ಟ್ಯಾಲಿ ಬೇಕೇ ಬೇಕು ಎನ್ನುವವರಿಗೆ, ವಿಂಡೋಸ್ ಡಿಸ್ಕನ್ನೂ ಇಟ್ಟುಕೊಳ್ಳಿ ಎಂದೇ ಹೇಳಬೇಕು.

ಲೈನಕ್ಸ್, ವಿಂಡೋಸ್ ಎರಡೂ ಇದ್ದಾಗ ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಕಾಣಿಸಿದರೆ ಬ್ಯಾಟರಿಯನ್ನು ದೂರಬೇಡಿ. ಬೋರ್ಡಿನ ಗಡಿಯಾರವನ್ನು ಲೈನಕ್ಸ್ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಮಿಂಟಿಗೂ ಸ್ಥಳೀಯ ಸಮಯ ಎಂದು ಒಮ್ಮೆ ಹೇಳಿದರೆ ಮುಗಿಯಿತು.

ಕನ್ನಡಕ್ಕೆ ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಲೇಔಟಿನಲ್ಲಿ ಕನ್ನಡದ ಅಡಿಯಲ್ಲಿ ‘ಕಗಪ’ ಉಂಟು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯಲಿಕ್ಕೆ ಏನೂ ಇಲ್ಲ: ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’. ಫಾಂಟಿಗೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ನವಿಲು, ಗುಬ್ಬಿ ಎರಡೂ ಸಿಗುತ್ತವೆ. ಲಿಬ್ರೆಆಫೀಸಿನ ಭಾಷೆಯ ಆಯ್ಕೆಯಲ್ಲಿ ಸಂಕೀರ್ಣ ಲಿಪಿಗೆ ಟಿಕ್ ಹಾಕಿ ಕನ್ನಡ ಇಡಬೇಕು.

ಹಳೆ ಅಡಿಕೆ ಲೆಕ್ಕದ ಕಡತಗಳು ಮಾತ್ರ ತೆರೆದಾಗ ಚುಕ್ಕಿ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರ ಸಂಕೇತಕ್ಕೆ ಮೊದಲಿನ ಫಾಂಟಿನಲ್ಲಿ ಬರೆದವು. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಯುನಿಕೋಡಿಗೆ ಬದಲಿಸಿ ತರಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾಡಿಸಿ ತಿದ್ದಬೇಕು.

ಕೊನೆಗೆ ಟೈಮ್‌ಶಿಫ್ಟ್, ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಸಾಧನ: ವಾರಕ್ಕೊಂದು ಸ್ನ್ಯಾಪ್‌ಶಾಟ್, ಎರಡು ಮಾತ್ರ ಇಟ್ಟುಕೊಳ್ಳುವ ಹಾಗೆ. ಅದು ಕಾಯುವುದು ಸಿಸ್ಟಮನ್ನು. ಫೋಟೊ, ಲೆಕ್ಕ ಬೇರೆ ಡಿಸ್ಕಿಗೆ ಹೋಗಬೇಕು.

ಸಂಜೆ ಐದಕ್ಕೆ ಪೂರ್ವದಲ್ಲಿ ಕಪ್ಪಾಯಿತು. ಹೊಸ ಬ್ಯಾಟರಿ ಹಾಕಿ ಆಗಿದೆ, ಪ್ಲಗ್ ಕಿತ್ತು ಇಟ್ಟದ್ದು. ನಾಳೆ ಬೆಳಿಗ್ಗೆ ನೆಟ್ ಸಿಕ್ಕಿಸುವ ಮೊದಲು ತಾರೀಕು ನೋಡಬೇಕು, ನೆಟ್ ಸಿಕ್ಕಿದರೆ ಅದು ತಾನಾಗಿಯೇ ಸರಿಯಾಗಿ ನಿಜ ಗೊತ್ತಾಗುವುದಿಲ್ಲ.